ಮೀನು ಹುಡಿಯ ಚೀಲದಲ್ಲಿ ಪ್ಲಾಸ್ಟಿಕ್ ಎಳೆ: ಕೋಳಿ, ಮೀನು, ಸೀಗಡಿ ಸಾಕುವವರಿಗೆ ಒಂದು ಮಾರ್ಗದರ್ಶಿ

ಮೀನು ಹುಡಿಯ ಚೀಲ ಬಿಚ್ಚಿ, ಒಂದು ಹಿಡಿ ತೆಗೆದು, ಬಿಳಿ ತಟ್ಟೆಯ ಮೇಲೆ ತೆಳುವಾಗಿ ಹರಡಿ ಬಿಸಿಲಿಗೆ ಹಿಡಿದರೆ ಕಂದು ಹಿಟ್ಟು, ಮೂಳೆಯ ಚೂರು, ಮಿನುಗುವ ಹುರುಪೆ ಕಾಣುತ್ತವೆ. ಇನ್ನೂ ಸ್ವಲ್ಪ ಹೊತ್ತು ಕಣ್ಣು ನಿಲ್ಲಿಸಿದರೆ ಕೆಲವೊಮ್ಮೆ ಒಂದು ನೀಲಿ ಎಳೆಯೋ ಹಸಿರು ನೂಲಿನ ತುಣುಕೋ ಕಾಣಿಸುತ್ತದೆ. ಆ ಎಳೆ ಮೀನಿನ ಹೊಟ್ಟೆಯೊಳಗಿಂದ ಬಂದಿದ್ದರೆ ಅದನ್ನು ತಡೆಯುವುದು ಕೊಳ್ಳುವವರ ಕೈಯಲ್ಲಿಲ್ಲ. ಬಲೆಯಿಂದಲೋ, ಬಂದರಿನ ಕಸದಿಂದಲೋ, ಕಾರ್ಖಾನೆಯ ನೆಲದಿಂದಲೋ, ಕೊನೆಗೆ ನಾವೇ ಚೂರಿ ಹಾಕಿ ಹರಿದ ಚೀಲದಿಂದಲೋ ಬಂದಿದ್ದರೆ ಮಾತ್ರ ಮಾಡಲು ಬಹಳಷ್ಟು ಕೆಲಸವಿದೆ. ಹಾಗಾಗಿ ಎಳೆಯ ಮೂಲವನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಏನು ಮಾಡುವುದು ಎಂಬುದನ್ನೇ ಈ ಲೇಖನ ಮುಖ್ಯವಾಗಿ ಹೇಳುತ್ತದೆ. ಸ್ವಂತವಾಗಿ ಕೋಳಿ ಆಹಾರ ಬೆರೆಸಿಕೊಳ್ಳುವವರು, ಸೀಗಡಿ ಮತ್ತು ಮೀನು ಕೃಷಿಕರು, ಊರಿನ ಮಟ್ಟದಲ್ಲಿ ಫೀಡ್ ತಯಾರಿಸುವ ಸಣ್ಣ ಗಿರಣಿಗಳವರು ಇದನ್ನು ಓದುತ್ತಾರೆ ಎಂದು ಭಾವಿಸಿ ಬರೆದಿದ್ದೇನೆ.

ಪ್ಲಾಸ್ಟಿಕ್ ಹುಡಿಗೆ ಸೇರುವ ದಾರಿ

ಐದು ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರು, ಎಳೆ, ಪದರ, ಗುಂಡುಗಳನ್ನು ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಬಂಧದ ಬಳಿಕ ಈ ಪದ ಎಲ್ಲೆಡೆ ಬಳಕೆಗೆ ಬಂತು. ಸಮುದ್ರದಲ್ಲಿ ಬಾಯಿ ತೆರೆದು ನೀರು ಸೋಸಿ ತಿನ್ನುವ ಬೂತಾಯಿಯಂತಹ ಮೀನುಗಳು ಪ್ಲವಕದ (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳ) ಜೊತೆಗೆ ಈ ಕಣಗಳನ್ನೂ ನುಂಗುತ್ತವೆ. ಮನೆಯ ಅಡುಗೆಗೆ ತಂದ ಬಂಗುಡೆಯ ಹೊಟ್ಟೆಯನ್ನು ನಾವು ಕೊಯ್ದು ಬಿಸಾಡುತ್ತೇವೆ. ಫಿಶ್‌ಮೀಲ್ (ಮೀನು ಹುಡಿ) ಕಾರ್ಖಾನೆಯಲ್ಲಿ ಮೀನು ಕರುಳಿನ ಸಮೇತ ಇಡಿಯಾಗಿ ಕುದಿಯುವ ಯಂತ್ರಕ್ಕೆ ಹೋಗುತ್ತದೆ. ತಿನ್ನುವ ಮೀನಿಗೂ ಹುಡಿಯಾಗುವ ಮೀನಿಗೂ ಇರುವ ಮೊದಲ ವ್ಯತ್ಯಾಸ ಅದೇ.

ಮಂಗಳೂರು, ಉಳ್ಳಾಲ, ಮಲ್ಪೆ ಕಡೆಯವರಿಗೆ ಈ ಕಾರ್ಖಾನೆಗಳ ವಾಸನೆ ಹೊಸದೇನಲ್ಲ. ಹೆಚ್ಚಾಗಿ ಸಿಕ್ಕ ಬೂತಾಯಿ, ದೋಣಿಯ ಹಿಂದೆ ಎಳೆಯುವ ಟ್ರಾಲ್ ಬಲೆಯಲ್ಲಿ ಬಂದ ಮಾರುಕಟ್ಟೆಯಿಲ್ಲದ ಸಣ್ಣ ಮೀನು, ಮಲ್ಪೆಯವರು ಕಾರ್ಗಿಲ್ ಎಂದು ಕರೆಯುವ ಗಟ್ಟಿ ಚರ್ಮದ ಮೀನು, ಇವೆಲ್ಲ ಅಲ್ಲಿಗೆ ಹೋಗುತ್ತವೆ. ಸುಮಾರು 90ರಿಂದ 95 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿ, ಹಿಂಡಿ ನೀರು ಮತ್ತು ಎಣ್ಣೆ ಬೇರ್ಪಡಿಸಿ, ಉಳಿದ ಗಟ್ಟಿಯನ್ನು ಒಣಗಿಸಿ ಅರೆದರೆ ಹುಡಿ ಸಿದ್ಧವಾಗುತ್ತದೆ. ನಾಲ್ಕೂವರೆಯಿಂದ ಐದು ಕಿಲೋ ಹಸಿ ಮೀನಿಗೆ ಒಂದು ಕಿಲೋ ಹುಡಿ ಎಂಬುದು ಅಂದಾಜು ಲೆಕ್ಕ. ಈ ಶಾಖಕ್ಕೆ ಪ್ಲಾಸ್ಟಿಕ್ ಸುಟ್ಟು ಹೋಗುವುದಿಲ್ಲ. ಹಗ್ಗ ಮತ್ತು ಚೀಲಗಳ ಪಾಲಿಪ್ರೊಪಿಲೀನ್ ಕರಗಬೇಕಾದರೆ 160 ಡಿಗ್ರಿ ದಾಟಬೇಕು, ಬಲೆಯ ನೈಲಾನ್‌ಗೆ 220ರ ಹತ್ತಿರ, ನೀರಿನ ಬಾಟಲಿಯ ಪೆಟ್‌ಗೆ 250ರ ಆಸುಪಾಸು. ಹೀಗಾಗಿ ಬೇಯಿಸುವುದರಿಂದ ರೋಗಾಣು ಸಾಯಬಹುದೇ ಹೊರತು ಎಳೆ ಹಾಗೆಯೇ ಉಳಿಯುತ್ತದೆ. ಕೊನೆಯ ಅರೆಯುವ ಹಂತದಲ್ಲಿ ಒಂದು ಎಳೆ ಹತ್ತಾರು ಎಳೆಯೂ ಆಗುತ್ತದೆ.

ಈ ಕರಾವಳಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. 2025ರ ಮೇ 25ರಂದು ಕೊಚ್ಚಿಯ ಹೊರಗಿನ ಸಮುದ್ರದಲ್ಲಿ ಎಂಎಸ್‌ಸಿ ಎಲ್ಸಾ 3 ಎಂಬ ಕಂಟೈನರ್ ಹಡಗು ಮುಳುಗಿದಾಗ ಕೇರಳದ ದಡಗಳಿಗೆ ಪ್ಲಾಸ್ಟಿಕ್ ಕಚ್ಚಾ ಗುಂಡುಗಳು ರಾಶಿ ರಾಶಿಯಾಗಿ ಬಂದು ಬಿದ್ದವು. ಅದಕ್ಕೆ ನಾಲ್ಕು ವರ್ಷ ಮೊದಲು, 2021ರಲ್ಲಿ, ಕೊಲಂಬೊ ಬಳಿ ಎಕ್ಸ್‌ಪ್ರೆಸ್ ಪರ್ಲ್ ಹಡಗು ಹೊತ್ತಿ ಉರಿದಾಗಲೂ ಹೀಗೆಯೇ ಆಗಿತ್ತು. ನರ್ಡಲ್ ಎಂದು ಕರೆಯುವ ಈ ಗುಂಡುಗಳು ಸಾಬೂದಾನಿಯ ಗಾತ್ರದವು, ನೋಡಲು ಮೀನಿನ ಮೊಟ್ಟೆಯನ್ನು ಹೋಲುತ್ತವೆ. ಅರಬ್ಬಿ ಸಮುದ್ರದ ಮೀನಿನಿಂದ ಮಾಡಿದ ಹುಡಿಯಲ್ಲಿ ದುಂಡನೆಯ, ಮಾಸಲು ಬಿಳಿಯ ಗಟ್ಟಿ ಕಾಳು ಸಿಕ್ಕರೆ ಅದನ್ನು ಮೂಳೆಯೆಂದು ಕೈಬಿಡದೆ ತೆಗೆದಿಡಿ.

ಎಷ್ಟಿದೆ, ಎಷ್ಟು ಹೆದರಬೇಕು

ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕಿಲೋ ಮೀನು ಹುಡಿಗೆ ಸರಾಸರಿ 124ರಷ್ಟು ಕಣಗಳು ಸಿಕ್ಕಿದ್ದವು. ಅದೇ ವರ್ಷ ಟರ್ಕಿಯ ಚುಕುರೋವಾ ವಿಶ್ವವಿದ್ಯಾಲಯದವರ ನೇತೃತ್ವದ ತಂಡ 11 ದೇಶಗಳ 26 ಮಾದರಿಗಳನ್ನು ನೋಡಿದಾಗ ಕಿಲೋ ಒಂದಕ್ಕೆ ಸೊನ್ನೆಯಿಂದ ಐನೂರು ದಾಟುವವರೆಗೆ ಎಣಿಕೆ ಬಂತು. ಅಂಟಾರ್ಕ್ಟಿಕ್ ಸಮುದ್ರದ ಕ್ರಿಲ್ ಹುಡಿಯಲ್ಲಿ ಏನೂ ಸಿಗಲಿಲ್ಲ. ಯಾವ ಗಾತ್ರದವರೆಗೆ ಹುಡುಕಿದರು ಎಂಬುದರ ಮೇಲೆ ಈ ಎಣಿಕೆಗಳು ನಿಲ್ಲುತ್ತವೆ. ಜರಡಿ ಸಣ್ಣದಾದಷ್ಟೂ ಸಂಖ್ಯೆ ಏರುತ್ತದೆ, ಆದ್ದರಿಂದ ಒಂದು ವರದಿಯ ಸಂಖ್ಯೆಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸುವ ಮೊದಲು ಎರಡು ಬಾರಿ ಯೋಚಿಸಬೇಕು.

ಈ ಎಣಿಕೆಯನ್ನು ನಮ್ಮ ಕೊಟ್ಟಿಗೆಯ ಲೆಕ್ಕಕ್ಕೆ ಇಳಿಸಿ ನೋಡೋಣ. ಎರಡು ಕಿಲೋ ತೂಗುವ ಹೊತ್ತಿಗೆ ಒಂದು ಬ್ರಾಯ್ಲರ್ ಕೋಳಿ ಸುಮಾರು ಮೂರೂವರೆ ಕಿಲೋ ಆಹಾರ ತಿಂದಿರುತ್ತದೆ. ಅದರಲ್ಲಿ ಶೇಕಡಾ 5 ಮೀನು ಹುಡಿ ಇದ್ದರೆ 175 ಗ್ರಾಂ ಆಯಿತು. ಕಿಲೋಗೆ 124 ಕಣದ ಲೆಕ್ಕದಲ್ಲಿ ಆ ಕೋಳಿ ತನ್ನ ಆಯುಷ್ಯದಲ್ಲಿ ಮೀನು ಹುಡಿಯಿಂದ ನುಂಗಿದ್ದು 22 ಕಣ. ಒಂದು ಕಿಲೋ ಸೀಗಡಿ ಬೆಳೆಯಲು ಸುಮಾರು 1.4 ಕಿಲೋ ಫೀಡ್, ಅದರಲ್ಲಿ ಐದರ ಒಂದು ಪಾಲು ಮೀನು ಹುಡಿ ಎಂದುಕೊಂಡರೆ 35 ಕಣ. ಇದು ಎಣಿಸಲು ಸಿಕ್ಕ ಗಾತ್ರದ ಕಣಗಳ ಮಾತು, ಅದಕ್ಕಿಂತ ಸಣ್ಣವು ಲೆಕ್ಕಕ್ಕೆ ಬಂದಿರುವುದಿಲ್ಲ. ಹಾಗಿದ್ದರೂ ಮೀನು ಹುಡಿಯನ್ನು ಇಂದೇ ನಿಲ್ಲಿಸಿ ಎಂದು ಕೂಗುವಷ್ಟು ದೊಡ್ಡ ಸಂಖ್ಯೆ ಇದಲ್ಲ ಎಂಬುದು ನನ್ನ ಅಭಿಪ್ರಾಯ.

ದೇಹದೊಳಗೆ ಏನಾಗುತ್ತದೆ ಎಂಬುದಕ್ಕೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಕೊಟ್ಟ ವಿವರಣೆ ಉಪಯುಕ್ತ. 150 ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಏಳನೇ ಒಂದು ಭಾಗಕ್ಕಿಂತ, ದೊಡ್ಡ ಕಣಗಳು ಕರುಳಿನ ಗೋಡೆ ದಾಟುವ ಸಂಭವವಿಲ್ಲ; ಅದಕ್ಕಿಂತ ಚಿಕ್ಕವುಗಳಲ್ಲಿಯೂ ಅತ್ಯಲ್ಪ ಪಾಲು ಮಾತ್ರ ದಾಟೀತು ಎಂದು ಅದು ಹೇಳಿತು. ಉಳಿದದ್ದು ಹಿಕ್ಕೆಯಲ್ಲಿ ಹೊರಬರುತ್ತದೆ. ಕೋಳಿಯ ವಿಷಯದಲ್ಲಿ ಎರಡು ಜಾಗಗಳನ್ನು ಗಮನಿಸಬೇಕು. ಒಂದು, ಮಾಂಸದಂಗಡಿಯಲ್ಲಿ ಗಿಜರ್ಡ್ ಎಂದು ಕೇಳಿ ತರುವ ಗಟ್ಟಿ ಹೊಟ್ಟೆ. ಮೆಕ್ಸಿಕೋದ ಹಿತ್ತಲುಗಳಲ್ಲಿ ಮೇಯುವ ಕೋಳಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದರೊಳಗೆ ಪ್ಲಾಸ್ಟಿಕ್ ಕಣಗಳು ಕಂಡುಬಂದವು. ಹೊಟ್ಟೆಯನ್ನು ಸೀಳಿ, ಒಳಪದರ ಸುಲಿದು, ಹರಿಯುವ ನೀರಿನಲ್ಲಿ ತೊಳೆದರೆ ಒಳಗಿದ್ದದ್ದು ಹೋಗುತ್ತದೆ. ಇನ್ನೊಂದು, ಗೊಬ್ಬರ. ಕೋಳಿ ಗೊಬ್ಬರವನ್ನು ಅಡಿಕೆ ತೆಂಗಿನ ತೋಟಕ್ಕೆ ವರ್ಷ ವರ್ಷ ಸುರಿಯುವವರು ಅದರ ಜೊತೆಗೆ ಹುಡಿಯಲ್ಲಿದ್ದ ಎಳೆಗಳನ್ನೂ ಮಣ್ಣಿಗೆ ಕೊಡುತ್ತಿರುತ್ತಾರೆ. ಮಣ್ಣಿನಿಂದ ಅದನ್ನು ಹೆಕ್ಕಿ ತೆಗೆಯುವ ಉಪಾಯವಿಲ್ಲ, ನನಗೆ ಕೋಳಿಗಿಂತ ಹೆಚ್ಚು ಚಿಂತೆ ಇದರದ್ದೇ.

ಮೊದಲ ಹೆಜ್ಜೆ: ಮಾದರಿ ತೆಗೆಯುವುದು

ಪರೀಕ್ಷೆ ಕೆಡುವುದು ಸಾಮಾನ್ಯವಾಗಿ ಇಲ್ಲಿಯೇ. ಹರಿದ ಚೀಲದ ಬಾಯಿಯಿಂದ ಪ್ಲಾಸ್ಟಿಕ್ ಮಗ್‌ನಲ್ಲಿ ಹುಡಿ ತೆಗೆದು ಪ್ಲಾಸ್ಟಿಕ್ ಕವರಿಗೆ ತುಂಬಿ ಪ್ರಯೋಗಾಲಯಕ್ಕೆ ಕೊಂಡುಹೋದರೆ ಅಲ್ಲಿ ಸಿಗುವುದು ನಮ್ಮದೇ ಪ್ಲಾಸ್ಟಿಕ್. ಆದ್ದರಿಂದ ಸ್ಟೀಲ್ ಚಮಚ, ಸ್ಟೀಲ್ ತಟ್ಟೆ, ಮುಚ್ಚಳವಿರುವ ಗಾಜಿನ ಬಾಟಲಿ ಇಷ್ಟನ್ನು ತೊಳೆದು ಒಣಗಿಸಿ ಸಿದ್ಧ ಮಾಡಿಕೊಳ್ಳಿ. ಪಾಲಿಯೆಸ್ಟರ್ ಅಂಗಿ ಬೇಡ, ಹತ್ತಿಯದನ್ನು ತೊಡಿ. ಅದರಲ್ಲೂ ಹುಡಿಯಲ್ಲಿ ಸಾಮಾನ್ಯವಾಗಿ ಕಾಣದ ಕೇಸರಿಯಂತಹ ಬಣ್ಣವಿದ್ದರೆ ಅಂಗಿಯಿಂದ ಉದುರಿದ ಎಳೆಯನ್ನು ಆಮೇಲೆ ಸುಲಭವಾಗಿ ಗುರುತಿಸಬಹುದು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ.

ಇಪ್ಪತ್ತು ಚೀಲದ ಸರಕಾದರೆ ಐದು ಚೀಲಗಳನ್ನು ಆರಿಸಿ, ಒಂದೊಂದರಲ್ಲೂ ಮೇಲೆ, ನಡುವೆ, ತಳದಲ್ಲಿ ಒಂದೊಂದು ಚಮಚ ತೆಗೆಯಿರಿ. ಚೀಲದ ಒಳಗೋಡೆಗೆ ಅಂಟಿದ ಹುಡಿಯನ್ನು ಇದಕ್ಕೆ ಸೇರಿಸಬಾರದು. ಎಲ್ಲವನ್ನೂ ತಟ್ಟೆಯಲ್ಲಿ ಕಲಸಿ, ದುಂಡಗೆ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ಉಳಿಸಿಕೊಂಡು ಮತ್ತೆ ಕಲಸಿ ಹಾಗೆಯೇ ಮಾಡುತ್ತಾ 100 ಗ್ರಾಂಗೆ ಇಳಿಸಿ. ಇದರೊಂದಿಗೆ ಇನ್ನೊಂದು ಕೆಲಸವನ್ನು ಮರೆಯಬೇಡಿ: ಅದೇ ಚೀಲದ ನೇಯ್ಗೆಯ ಒಂದು ಎಳೆ, ಹೊಲಿಗೆಯ ದಾರದ ಒಂದು ತುಣುಕು, ನಿಮ್ಮ ಶೆಡ್ಡಿನ ಟಾರ್ಪಾಲಿನ ಒಂದು ಚೂರು, ಫೀಡರಿನಿಂದ ಕೆರೆದ ಒಂದು ಸಿಪ್ಪೆ, ಇವನ್ನು ಬೇರೆ ಬೇರೆ ಕಾಗದದಲ್ಲಿ ಮಡಿಸಿ ಹೆಸರು ಬರೆದಿಡಿ. ಮುಂದೆ ಸಿಗುವ ಎಳೆಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ.

ಎರಡನೆಯ ಹೆಜ್ಜೆ: ಉಪ್ಪುನೀರಿನ ಪರೀಕ್ಷೆ

ಇದು ಮನೆಯಲ್ಲಿ ಮಾಡಬಹುದಾದದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 60 ಮೆಶ್ ಮತ್ತು 100 ಮೆಶ್ ಸ್ಟೀಲ್ ಜಾಲರಿಯ ತಲಾ ಒಂದು ತುಂಡು, ಎರಡು ಎತ್ತರದ ಗಾಜಿನ ಬಾಟಲಿ, ಪಾತ್ರೆ ತೊಳೆಯುವ ದ್ರವ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಕೈಮಸೂರ, ಎರಡು ಕಿಲೋ ಉಪ್ಪು ಬೇಕು. 60 ಮೆಶ್ ಜಾಲರಿಯ ಕಣ್ಣು ಮಿಲಿಮೀಟರಿನ ಕಾಲು ಭಾಗದಷ್ಟು, 100 ಮೆಶ್‌ನದ್ದು ಇನ್ನೂ ಸಣ್ಣದು.

ಒಂದು ಲೀಟರ್ ನೀರಿಗೆ 360 ಗ್ರಾಂ ಉಪ್ಪು ಹಾಕಿ, ಬಿಸಿ ಮಾಡಿ ಪೂರ್ತಿ ಕರಗಿಸಿ, ಆರಿದ ಮೇಲೆ 100 ಮೆಶ್ ಜಾಲರಿಯಲ್ಲಿ ಸೋಸಿ. ಸೋಸದೆ ಬಳಸಬಾರದು, ಏಕೆಂದರೆ ಭಾರತದ ಸಮುದ್ರದ ಉಪ್ಪಿನಲ್ಲಿಯೇ ಪ್ಲಾಸ್ಟಿಕ್ ಕಣಗಳಿರುವುದನ್ನು ಮುಂಬಯಿ ಐಐಟಿಯ ಸಂಶೋಧಕರು 2018ರಲ್ಲಿ ತೋರಿಸಿಕೊಟ್ಟಿದ್ದಾರೆ. ತೊಳೆಯಲು ಬಳಸುವ ನೀರನ್ನೂ ಅದೇ ರೀತಿ ಸೋಸಿಟ್ಟುಕೊಳ್ಳಿ.

ಈಗ 50 ಗ್ರಾಂ ಹುಡಿಯನ್ನು ಒಂದು ಲೀಟರ್ ಬೆಚ್ಚಗಿನ ನೀರಿಗೆ ಹಾಕಿ, ಒಂದು ಚಮಚ ತೊಳೆಯುವ ದ್ರವ ಸೇರಿಸಿ, ಐದು ನಿಮಿಷ ಕಲಕಿ, 60 ಮೆಶ್ ಜಾಲರಿಯ ಮೇಲೆ ಸುರಿಯಿರಿ. ಕೆಳಗೆ ಇಳಿಯುವ ನೀರು ತಿಳಿಯಾಗುವ ತನಕ ಎರಡು ಮೂರು ಬಾರಿ ಹೀಗೆಯೇ ತೊಳೆಯಬೇಕು. ಮೀನು ಹುಡಿಯಲ್ಲಿರುವ ಕೊಬ್ಬು ಹೋಗದಿದ್ದರೆ ಅದು ಮೂಳೆ ಮಾಂಸವನ್ನೆಲ್ಲ ಕಟ್ಟಿಕೊಂಡು ತೇಲುತ್ತದೆ, ಆಗ ಪರೀಕ್ಷೆಗೆ ಅರ್ಥ ಉಳಿಯುವುದಿಲ್ಲ. ಜಾಲರಿಯ ಮೇಲೆ ಉಳಿದ ಗಟ್ಟಿಯನ್ನು ಗಾಜಿನ ಬಾಟಲಿಗೆ ಹಾಕಿ, ಉಪ್ಪುನೀರು ತುಂಬಿಸಿ, ಚೆನ್ನಾಗಿ ಕಲಕಿ, ಮುಚ್ಚಳ ಹಾಕಿ ರಾತ್ರಿಯಿಡೀ ಅಲುಗಾಡದಂತೆ ಇಡಿ. ಬೆಳಿಗ್ಗೆ ಮೂಳೆ ಮತ್ತು ಮರಳು ತಳಕ್ಕೆ ಕುಳಿತಿರುತ್ತವೆ. ಬಾಟಲಿಯನ್ನು ಬೋಗುಣಿಯೊಳಗೆ ಇಟ್ಟು ಮೇಲಿನಿಂದ ಇನ್ನಷ್ಟು ಉಪ್ಪುನೀರನ್ನು ಮೆಲ್ಲಗೆ ಸುರಿದರೆ ತೇಲುತ್ತಿರುವುದೆಲ್ಲ ತುಳುಕಿ ಬೋಗುಣಿಗೆ ಬೀಳುತ್ತದೆ. ಅದನ್ನು 60 ಮೆಶ್ ಜಾಲರಿಯಲ್ಲಿ ಸೋಸಿ, ಸಿಹಿನೀರಿನಲ್ಲಿ ಒಮ್ಮೆ ತೊಳೆದು, ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಬೋರಲು ಹಾಕಿ ತಟ್ಟಿ. ಉಪ್ಪುನೀರನ್ನು ಗಿಡದ ಬುಡಕ್ಕೆ ಚೆಲ್ಲಬೇಡಿ.

ಇನ್ನೊಂದು ಬಾಟಲಿಯಲ್ಲಿ, ಹುಡಿಯನ್ನೇ ಹಾಕದೆ, ಉಳಿದೆಲ್ಲವನ್ನೂ ಇದೇ ಕ್ರಮದಲ್ಲಿ ಮಾಡಬೇಕು. ಇದು ವ್ಯರ್ಥ ಶ್ರಮವೆಂದು ತೋರೀತು. ಆದರೆ ಗಾಳಿಯಿಂದ, ಬಟ್ಟೆಯಿಂದ, ನೀರಿನಿಂದ ಎಷ್ಟು ಎಳೆ ಬೀಳುತ್ತದೆ ಎಂಬುದು ಈ ಖಾಲಿ ಬಾಟಲಿಯಿಂದ ಮಾತ್ರ ತಿಳಿಯುತ್ತದೆ. ಖಾಲಿ ಬಾಟಲಿಯಲ್ಲಿ ಆರು, ಹುಡಿಯ ಬಾಟಲಿಯಲ್ಲಿ ಎಂಟು ಎಳೆ ಸಿಕ್ಕರೆ ಹುಡಿಯ ಬಗ್ಗೆ ಏನನ್ನೂ ಹೇಳುವಂತಿಲ್ಲ.

ಸಿಕ್ಕಿದ್ದು ಪ್ಲಾಸ್ಟಿಕ್ ಹೌದೇ ಎಂಬುದಕ್ಕೆ ಬಿಸಿ ಸೂಜಿಯ ಪರೀಕ್ಷೆ ಇದೆ. ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ, ತುಣುಕಿನ ಹತ್ತಿರ ತನ್ನಿ. ಪ್ಲಾಸ್ಟಿಕ್ ಆಗಿದ್ದರೆ ಸುರುಳಿಯಾಗುತ್ತದೆ, ಕರಗಿ ಸಣ್ಣ ಮಣಿಯಾಗುತ್ತದೆ. ಹತ್ತಿಯ ನೂಲು ಕರಕಲಾಗುತ್ತದೆ. ಹುರುಪೆ ಮತ್ತು ಮೀನಿನ ಚರ್ಮ ಕೂದಲು ಸುಟ್ಟ ವಾಸನೆ ಕೊಡುತ್ತವೆ.

ಈ ಪರೀಕ್ಷೆಯ ಮಿತಿಯೂ ಗೊತ್ತಿರಲಿ. ಈ ಉಪ್ಪುನೀರಿನ ಸಾಂದ್ರತೆ ಸುಮಾರು 1.2. ಪಾಲಿಥಿನ್, ಪಾಲಿಪ್ರೊಪಿಲೀನ್, ನೈಲಾನ್ ಇದರಲ್ಲಿ ತೇಲುತ್ತವೆ, 1.38 ಸಾಂದ್ರತೆಯ ಪೆಟ್, ಪಾಲಿಯೆಸ್ಟರ್ ಮತ್ತು ಪಿವಿಸಿ ಮೂಳೆಯ ಜೊತೆಗೆ ತಳ ಸೇರುತ್ತವೆ. ಕಾಲು ಮಿಲಿಮೀಟರಿಗಿಂತ ಸಣ್ಣವೆಲ್ಲ ತೊಳೆಯುವಾಗಲೇ ಹೋಗಿರುತ್ತವೆ. ಆದ್ದರಿಂದ ಇಲ್ಲಿ ಬಂದ ಸಂಖ್ಯೆಯನ್ನು ಹಿಡಿದು ನಮ್ಮ ಹುಡಿಯಲ್ಲಿ ಇಷ್ಟೇ ಪ್ಲಾಸ್ಟಿಕ್ ಇದೆ ಎಂದು ಯಾರಿಗೂ ಹೇಳಬಾರದು. ಈ ತಿಂಗಳ ಸರಕನ್ನು ಹೋದ ತಿಂಗಳದ್ದಕ್ಕೆ, ಒಬ್ಬ ಮಾರಾಟಗಾರನ ಚೀಲವನ್ನು ಇನ್ನೊಬ್ಬನದ್ದಕ್ಕೆ ಹೋಲಿಸಲು ಇದು ಸಾಕು. ಎರಡಕ್ಕೂ ಅದೇ ಜಾಲರಿ, ಅದೇ ತೂಕ, ಅದೇ ಹೊತ್ತು ಬಳಸಿರಬೇಕು ಅಷ್ಟೆ.

ಮೂರನೆಯ ಹೆಜ್ಜೆ: ಎಳೆಯ ಮೂಲ ಓದುವುದು

ಎಣಿಸುವುದಕ್ಕಿಂತ ಇದು ಮುಖ್ಯ. ನೇಯ್ದ ಪ್ಲಾಸ್ಟಿಕ್ ಚೀಲವನ್ನು ಮಾಡುವುದು ದುಂಡು ನೂಲಿನಿಂದಲ್ಲ, ಎರಡು ಮೂರು ಮಿಲಿಮೀಟರ್ ಅಗಲದ ಚಪ್ಪಟೆ ಪಟ್ಟಿಗಳಿಂದ. ಬಿಸಿಲಿಗೆ ಹಳತಾದಾಗ ಈ ಪಟ್ಟಿಗಳು ಉದ್ದಕ್ಕೆ ಸೀಳಿ, ರಿಬ್ಬನ್ನಿನಂತೆ ಹೊಳೆಯುವ ಚಪ್ಪಟೆ ಎಳೆಗಳಾಗುತ್ತವೆ. ಮಸೂರದಲ್ಲಿ ಕಾಣುವ ಎಳೆ ಚಪ್ಪಟೆಯಾಗಿ, ಬಿಳಿ ಅಥವಾ ಹಳದಿಯಾಗಿ, ತುದಿಯಲ್ಲಿ ಸೀಳಿದಂತಿದ್ದರೆ ಕಾರಣ ಬಹುತೇಕ ಚೀಲವೇ. ಬಿಳಿಯ ಹಲವು ಸಣ್ಣ ಎಳೆಗಳನ್ನು ಹೊಸೆದಂತಿದ್ದರೆ ಚೀಲದ ಬಾಯಿ ಹೊಲಿದ ದಾರ.

ಟ್ರಾಲ್ ಬಲೆಯ ನೂಲು ಬೇರೆ ತೆರ. ಅದು ದುಂಡನೆಯ, ಬಿರುಸಾದ, ನೀಲಿ ಅಥವಾ ಹಸಿರು ಬಣ್ಣದ ಎಳೆ; ಹೊಸೆದ ಗುರುತಾಗಿ ಸ್ವಲ್ಪ ಅಲೆಅಲೆಯಾಗಿ ಬಾಗಿರುತ್ತದೆ. ಪಾರದರ್ಶಕವಾದ, ಮೀನು ಹಿಡಿಯುವ ಗಾಳದ ದಾರದಂತಹದ್ದು ಸಿಕ್ಕರೆ ಅದು ಬೀಡುಬಲೆಯ ನೈಲಾನ್. ಬಂದರಿನ ಧಕ್ಕೆಯಲ್ಲಿ ಬಲೆ ಹೆಣೆಯುವವರ ಸುತ್ತ ನೋಡಿದವರಿಗೆ ಇದು ಎಷ್ಟು ಬೀಳುತ್ತದೆ ಎಂದು ಗೊತ್ತು. ಕತ್ತರಿಸಿದ ತುದಿಗಳು ಗಾಳಿಗೆ ಹಾರಿ ನೀರಿಗೂ ಸೇರುತ್ತವೆ, ಪಕ್ಕದಲ್ಲೇ ಸುರಿದ ಮೀನಿನ ರಾಶಿಗೂ ಸೇರುತ್ತವೆ. ತೆಳುವಾದ, ಮಡಿಸಿದರೆ ಮಡಿಚಿಕೊಳ್ಳುವ ಪದರವಾಗಿದ್ದರೆ ಕೈಚೀಲ ಅಥವಾ ಪೊಟ್ಟಣದ ಕವರ್. ಟ್ರಾಲ್ ಬಲೆಗೆ ಮೀನಿನ ಜೊತೆ ಬಂದ ಕವರನ್ನು ಹೆಕ್ಕದೆ ಬಿಟ್ಟರೆ ಅದು ಯಂತ್ರದೊಳಗೆ ಹೋಗಿ ನೂರಾರು ಚೂರಾಗುತ್ತದೆ. ದಪ್ಪನೆಯ, ಗಾಢ ಬಣ್ಣದ, ಮೂಲೆಗಳಿರುವ ಚೂರು ಮೀನು ತುಂಬುವ ಕ್ರೇಟಿನದ್ದಿರಬಹುದು ಅಥವಾ ನಿಮ್ಮದೇ ಫೀಡರಿನದ್ದಿರಬಹುದು. ಇಲ್ಲಿಯೇ ಕಾಗದದಲ್ಲಿ ಮಡಿಸಿಟ್ಟ ಸಿಪ್ಪೆಗೆ ಹೋಲಿಸಬೇಕು.

ಮೀನಿನ ಕರುಳಿನಿಂದ ಬರುವ ಕಣಗಳಲ್ಲಿ ಹಲವು ಬಹಳ ಸಣ್ಣವಾದ್ದರಿಂದ ಅವು ನಮ್ಮ ಜಾಲರಿಗೆ ಸಿಗುವುದೇ ಇಲ್ಲ. ಅಂದರೆ ಬರಿಗಣ್ಣಿಗೂ ಮಸೂರಕ್ಕೂ ಧಾರಾಳವಾಗಿ ಕಾಣುವ ಪ್ಲಾಸ್ಟಿಕ್ ಇದ್ದರೆ, ಅದು ಮೀನು ಸತ್ತ ಮೇಲೆ ಯಾರದೋ ಕೈಯಲ್ಲಿ ಸೇರಿದ್ದು ಎಂದು ಶಂಕಿಸಲು ಕಾರಣವಿದೆ.

ನಾಲ್ಕನೆಯ ಹೆಜ್ಜೆ: ಮಾರುವವರನ್ನು ಕೇಳುವುದು

ಮೀನು ಹುಡಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 4307 ಎಂಬ ಮಾನಕವಿದೆ. ಪ್ರೋಟೀನು, ತೇವಾಂಶ, ಆಮ್ಲದಲ್ಲಿ ಕರಗದ ಬೂದಿ ಮುಂತಾದವನ್ನು ಅದು ನೋಡುತ್ತದೆ. ಪ್ಲಾಸ್ಟಿಕ್ ಕಣಕ್ಕೆ ಮಿತಿ ಹಾಕಿಲ್ಲ. ಕಾನೂನಿನ ಬಲ ಇಲ್ಲದಿರುವಾಗ ಕೊಳ್ಳುವವರ ಪ್ರಶ್ನೆಗಳೇ ಒತ್ತಡ. ಕಚ್ಚಾ ಮೀನು ಯಾವುದು, ಬೂತಾಯಿಯಂತಹ ಒಂದೇ ಜಾತಿಯ ಮೀನೋ ಟ್ರಾಲ್ ಬಲೆಯ ಕಲಬೆರಕೆಯೋ? ಬೇಯಿಸುವ ಮುನ್ನ ಮೀನನ್ನು ಹರಡಿ ಕಸ ಹೆಕ್ಕುವವರು ಇದ್ದಾರೆಯೇ? ಅರೆಯುವ ಮೊದಲು ಜರಡಿ ಮತ್ತು ಅಯಸ್ಕಾಂತ ಇದೆಯೇ? ಚೀಲ ಹೊಸದೋ ಹಿಂದೆ ಇನ್ನೇನೋ ತುಂಬಿದ್ದದ್ದೋ? ಈ ನಾಲ್ಕಕ್ಕೆ ನೇರ ಉತ್ತರ ಕೊಡುವವರಿಂದ ಕೊಳ್ಳಿ. ಕಾರ್ಖಾನೆಯಲ್ಲಿ ಮೀನು ಸುರಿಯುವ ಗುಂಡಿಗೆ ಬೀಳುವ ಮುನ್ನ ಒಂದು ಪ್ಲಾಸ್ಟಿಕ್ ಕವರನ್ನು ಕೈಯಲ್ಲಿ ಎತ್ತಿ ಹಾಕುವುದು ಒಂದು ಕ್ಷಣದ ಕೆಲಸ. ಅರೆದ ಮೇಲೆ ಅದನ್ನು ತೆಗೆಯಲು ಯಾವ ಯಂತ್ರದಿಂದಲೂ ಆಗದು.

ಕೋಳಿಗೆಂದು ಅಗ್ಗದ ಒಣ ಮೀನು ಕೊಂಡು ತಾವೇ ಅರೆಯುವವರು ಇನ್ನೂ ಎಚ್ಚರ ವಹಿಸಬೇಕು. ಸಮುದ್ರ ದಂಡೆಯ ಮರಳಿನ ಮೇಲೆಯೋ ಹಳೆಯ ಬಲೆ, ಟಾರ್ಪಾಲುಗಳ ಮೇಲೆಯೋ ಒಣಗಿಸಿದ ಮೀನಿಗೆ ಮರಳಿನ ಜೊತೆ ನೂಲಿನ ತುದಿಯೂ ಅಂಟಿರುತ್ತದೆ. ಆಮ್ಲದಲ್ಲಿ ಕರಗದ ಬೂದಿ ಹೆಚ್ಚಿದ್ದರೆ ಮರಳು ಹೆಚ್ಚು ಎಂದು ಅರ್ಥ. ಮರಳು ಹೆಚ್ಚಿರುವ ಮೀನನ್ನು ಒಣಗಿಸಿದ ರೀತಿಯ ಬಗ್ಗೆಯೂ ಅನುಮಾನ ಪಡುವುದು ಸರಿ. ಅಂತಹ ಮೀನನ್ನು ಅರೆಯುವ ಮುನ್ನ ಅಗಲ ಕಣ್ಣಿನ ಸ್ಟೀಲ್ ಜರಡಿಯಲ್ಲಿ ಜಾಡಿಸಿ, ಮೇಜಿನ ಮೇಲೆ ಹರಡಿ, ಬಣ್ಣದ ಎಳೆಗಳನ್ನು ಕೈಯಿಂದ ಹೆಕ್ಕಬೇಕು. ಸುತ್ತಿಗೆ ಗಿರಣಿಯೊಳಗೆ ಒಂದು ಬೆರಳುದ್ದದ ಹಗ್ಗ ಹೋದರೆ ಹೊರಗೆ ಬರುವುದು ಎಣಿಸಲಾಗದ ನಾರಿನ ಧೂಳು.

ಐದನೆಯ ಹೆಜ್ಜೆ: ನಮ್ಮ ಶೆಡ್ಡಿನೊಳಗೆ

ಚೀಲದ ಬಾಯಿಯ ಹೊಲಿಗೆಯನ್ನು ಸರಿಯಾದ ತುದಿಯಿಂದ ಎಳೆದರೆ ಸರಪಳಿಯಂತೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಆ ತುದಿ ಹುಡುಕುವ ತಾಳ್ಮೆಯಿಲ್ಲದೆ ಕತ್ತಿಯಿಂದ ಸೀಳುವುದು ನಮ್ಮಲ್ಲಿ ಎಲ್ಲ ಕಡೆ ಇರುವ ಅಭ್ಯಾಸ, ಸೀಳಿದಷ್ಟೂ ಚಪ್ಪಟೆ ಎಳೆಗಳು ನೇರವಾಗಿ ಹುಡಿಗೆ ಬೀಳುತ್ತವೆ. ಖಾಲಿಯಾದ ಚೀಲವನ್ನು ಮಿಕ್ಸರಿನ ಬಾಯಿಯ ಮೇಲೆ ತಿರುಗಿಸಿ ಕೊಡವುವುದೂ ಅಷ್ಟೇ ಹಾನಿ. ಚೀಲಗಳನ್ನು ಬಿಸಿಲು ಬೀಳದ ಕಡೆ ಇಡಿ. ಬಿಸಿಲಿಗೆ ತಿಂಗಳುಗಟ್ಟಲೆ ಬಿದ್ದ ಪಾಲಿಪ್ರೊಪಿಲೀನ್ ಮುಟ್ಟಿದರೆ ಪುಡಿಯಾಗುತ್ತದೆ. ಹಾಗೆ ಪುಡಿಯಾಗುತ್ತಿರುವ ಚೀಲದಲ್ಲಿ ಮತ್ತೆ ಫೀಡ್ ತುಂಬಿ ಪಕ್ಕದೂರಿಗೆ ಕಳಿಸಬೇಡಿ.

ಎಣ್ಣೆಯ ಕ್ಯಾನನ್ನು ಓರೆಯಾಗಿ ಕತ್ತರಿಸಿ ಮಾಡಿಕೊಂಡ ಮೊಗೆಯ ಬದಲು ಸ್ಟೀಲ್ ಅಥವಾ ತಗಡಿನ ಮೊಗೆ ಬಳಸಿ. ನೆಲಕ್ಕೆ ಬಿದ್ದ ಫೀಡನ್ನು ಗುಡಿಸಿ ಮಿಕ್ಸರಿಗೆ ಹಾಕುವುದನ್ನು ನಿಲ್ಲಿಸಿ. ಪ್ಲಾಸ್ಟಿಕ್ ಪೊರಕೆಯ ಕಡ್ಡಿಗಳೂ ಅದರಲ್ಲಿರುತ್ತವೆ. ಗಿರಣಿಯ ಬಾಯಿಗೆ ಒಂದು ಸ್ಟೀಲ್ ಜಾಲರಿ ಕೂರಿಸಿದರೆ ಹೊಲಿಗೆ ದಾರ ಅಲ್ಲಿಯೇ ತಡೆಯುತ್ತದೆ.

ಬೆರಕೆಯ ಸೂತ್ರವನ್ನು ಬದಲಿಸುವ ದಾರಿಯೂ ಇದೆ. ಬ್ರಾಯ್ಲರ್ ಸಾಕುವ ಹಲವರು ಮಾಂಸಕ್ಕೆ ಮೀನಿನ ವಾಸನೆ ಬಾರದಿರಲೆಂದು ಕೊನೆಯ ವಾರ ಮೀನು ಹುಡಿ ನಿಲ್ಲಿಸುತ್ತಾರೆ. ಆ ಅವಧಿಯನ್ನು ಇನ್ನಷ್ಟು ಹಿಂದಕ್ಕೆ ತಂದು, ಸೋಯಾ ಹಿಂಡಿಗೆ ಮೆಥಿಯೊನಿನ್ ಮತ್ತು ಲೈಸಿನ್ ಎಂಬ ಅಮೈನೋ ಆಮ್ಲಗಳನ್ನು ಸೇರಿಸಿಕೊಂಡರೆ ಕೋಳಿಯ ಬೆಳವಣಿಗೆ ಕುಗ್ಗುವುದಿಲ್ಲ. ಸೂತ್ರವನ್ನು ಪಶುವೈದ್ಯರಿಗೋ ಆಹಾರ ತಜ್ಞರಿಗೋ ತೋರಿಸಿ ಸರಿಮಾಡಿಸಿಕೊಳ್ಳಿ. ಸೀಗಡಿಗೆ ಇದು ಅಷ್ಟು ಸುಲಭವಲ್ಲ, ಏಕೆಂದರೆ ರುಚಿಗೂ ಬೆಳವಣಿಗೆಗೂ ಅದು ಮೀನು ಹುಡಿಯನ್ನೇ ನಂಬಿದೆ. ಸೋಯಾ ಹಿಂಡಿಯೂ ಅದೇ ನೇಯ್ದ ಚೀಲದಲ್ಲಿ ಬರುತ್ತದೆ ಎಂಬುದು ನೆನಪಿರಲಿ. ಮೀನು ಹುಡಿಯ ಬದಲಿಗೆ ಅಡುಗೆಮನೆಯ ತ್ಯಾಜ್ಯದ ಮೇಲೆ ಕಪ್ಪು ಸೈನಿಕ ನೊಣದ ಹುಳು ಬೆಳೆಸಿ ಕೊಡುವವರು ತ್ಯಾಜ್ಯದಲ್ಲಿ ಕವರಿನ ಚೂರು ಇಲ್ಲದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಮೀನು ಹುಡಿ ಬಿಟ್ಟದ್ದರಿಂದ ಏನೂ ಸಿಗಲಿಲ್ಲವೆಂದಾಗುತ್ತದೆ.

ಪ್ರಯೋಗಾಲಯಕ್ಕೆ ಕೊಡುವುದಾದರೆ

ಮನೆಯ ಪರೀಕ್ಷೆಯಲ್ಲಿ ಒಂದು ಸರಕು ಉಳಿದವುಗಳಿಗಿಂತ ತೀರಾ ಕೆಟ್ಟದ್ದಾಗಿ ಕಂಡರೆ, ಅಥವಾ ದೊಡ್ಡ ಒಪ್ಪಂದಕ್ಕೆ ಮೊದಲು ಖಾತ್ರಿ ಬೇಕೆನಿಸಿದರೆ ಮಾತ್ರ ಈ ಖರ್ಚು ಮಾಡಿ. ಮಂಗಳೂರಿನ ಮೀನುಗಾರಿಕಾ ಕಾಲೇಜು, ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ, ಬೆಂಗಳೂರಿನ ರಾಷ್ಟ್ರೀಯ ಪ್ರಾಣಿ ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಗಳಲ್ಲಿ ಮೊದಲು ವಿಚಾರಿಸಬಹುದು. ಎಲ್ಲಿ ಈ ಪರೀಕ್ಷೆ ನಡೆಯುತ್ತದೆ ಎಂಬುದನ್ನು ಮಾದರಿ ಕಳುಹಿಸುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಅಲ್ಲಿ ಸಾಮಾನ್ಯವಾಗಿ ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹುಡಿಯ ಮಾಂಸದ ಅಂಶವನ್ನು ಒಂದೆರಡು ದಿನ ಕರಗಿಸಿ, ಉಳಿದದ್ದನ್ನು ಸಾಂದ್ರ ದ್ರಾವಣದಲ್ಲಿ ತೇಲಿಸಿ, ಬೆಳಕು ಹಾಯಿಸಿ ವಸ್ತುವನ್ನು ಗುರುತಿಸುವ ಎಫ್‌ಟಿಐಆರ್ ಅಥವಾ ರಾಮನ್ ಉಪಕರಣದಲ್ಲಿ ಒಂದೊಂದು ಕಣದ ಜಾತಿ ಗುರುತಿಸುತ್ತಾರೆ. ಆ ಕ್ಷಾರ ಚರ್ಮವನ್ನೂ ಕಣ್ಣನ್ನೂ ಸುಡುವಂಥದ್ದು, ಮನೆಯಲ್ಲಿ ಪ್ರಯತ್ನಿಸಬೇಡಿ. ಶಾಖ 60 ಡಿಗ್ರಿ ಮೀರಿದರೆ ಅದು ಪಾಲಿಯೆಸ್ಟರನ್ನೇ ಕೆಡಿಸುವುದರಿಂದ ಎಷ್ಟು ಡಿಗ್ರಿಯಲ್ಲಿ ಕರಗಿಸಿದರು ಎಂದು ಕೇಳುವುದು ಅಧಿಕಪ್ರಸಂಗವಾಗುವುದಿಲ್ಲ. ವರದಿಯಲ್ಲಿ ಕಿಲೋಗೆ ಎಷ್ಟು ಕಣ ಎಂಬುದರ ಜೊತೆಗೆ ಹುಡುಕಿದ ಅತಿ ಸಣ್ಣ ಗಾತ್ರ, ಖಾಲಿ ಮಾದರಿಯ ಎಣಿಕೆ, ಪ್ಲಾಸ್ಟಿಕ್‌ನ ಜಾತಿ ಈ ಮೂರೂ ಇರಲೇಬೇಕು. ಜಾತಿ ತಿಳಿದರೆ ಮೂಲಕ್ಕೆ ಹತ್ತಿರವಾಗುತ್ತೇವೆ: ಪಾಲಿಪ್ರೊಪಿಲೀನ್ ಮೇಲುಗೈಯಾಗಿದ್ದರೆ ಚೀಲ ಅಥವಾ ಹಗ್ಗದ ಕಡೆಗೆ, ನೈಲಾನ್ ಇದ್ದರೆ ಬಲೆಯ ಕಡೆಗೆ, ಪಾಲಿಯೆಸ್ಟರ್ ಇದ್ದರೆ ಬಟ್ಟೆ ಮತ್ತು ಒಗೆದ ನೀರಿನ ಕಡೆಗೆ ನೋಡಬೇಕು.

ಪ್ರತಿ ಸರಕಿಗೂ ಒಂದು ಪುಟ ಇಟ್ಟು ದಿನಾಂಕ, ಮಾರಿದವರು, ಹುಡಿಯ ಬಾಟಲಿಯ ಎಣಿಕೆ, ಖಾಲಿ ಬಾಟಲಿಯ ಎಣಿಕೆ, ಎಳೆಯ ಬಣ್ಣ ಮತ್ತು ಆಕಾರ ಬರೆಯಿರಿ. ಸಿಕ್ಕ ಎಳೆಗಳನ್ನು ಪಾರದರ್ಶಕ ಅಂಟುಪಟ್ಟಿಯಲ್ಲಿ ಅದೇ ಪುಟಕ್ಕೆ ಅಂಟಿಸಿಬಿಡಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವುದರಿಂದ ಆ ತಿಂಗಳುಗಳಲ್ಲಿ ಹಳೆಯ ದಾಸ್ತಾನೋ ಬೇರೆ ಕಡೆಯ ಹುಡಿಯೋ ಬರುತ್ತದೆ. ಎಣಿಕೆ ಆಗ ಬದಲಾಗುತ್ತದೆಯೇ ಎಂಬುದನ್ನು ಪ್ರತ್ಯೇಕವಾಗಿ ಗುರುತು ಹಾಕಿಕೊಳ್ಳಿ. ಮುಂದಿನ ಬಾರಿ ದರ ಮಾತಾಡಲು ಕೂತಾಗ ಆ ಪುಟವನ್ನು ಮಾರುವವರ ಮುಂದೆ ತೆರೆದಿಡಬಹುದು.